ಪಿಳ್ಳಪ್ಪನವರು ಪೆಟ್ಟಿಗೆಯಲ್ಲಿ ಸಿಕ್ಕಿದ್ದು

ನಮ್ಮ ಬಿ.ಟಿ.ಎಂ. ಲೇಔಟಿನಲ್ಲಿ ಈಗ ಮನೆಗೊಂದು ಕಂಪ್ಯೂಟರ್ ಇದೆ, ಯಾರೂ ಅದಕ್ಕೆ ಕೈ ಮುಗಿಯುವುದಿಲ್ಲ. ಕಾಲ ಕೆಟ್ಟಿದೆ ಎಂದು ನಾನೂ ಸುಮ್ಮನಿದ್ದೇನೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹೀಗಿರಲಿಲ್ಲ. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು, ಕೆಮ್ಮು ಬಂದರೆ ಹೊರಗೆ ಬಂದು ಕೆಮ್ಮಬೇಕಿತ್ತು. ಅಂಥ ಮರ್ಯಾದಸ್ಥ ಕಾಲದಲ್ಲಿ ನಡೆದದ್ದು ಇದು.

ನನ್ನ ಹೆಸರು ರಾಮಯ್ಯ. ಪಿಳ್ಳಪ್ಪನವರ ಕಲ್ಯಾಣ ಮಂಟಪದ ಪಕ್ಕದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಪಿಳ್ಳಪ್ಪ ಮತ್ತು ನಾನು ಒಟ್ಟಿಗೆ ದನ ಮೇಯಿಸಿದವರು. ಈಗ ಸಿಗ್ನಲ್ ದೀಪ ಇರುವ ಜಾಗದಲ್ಲಿ ಅವನ ರಾಗಿ ಹೊಲ ಇತ್ತು. ಲೇಔಟ್ ಬಂತು, ಹೊಲ ಹೋಯಿತು, ಉಳಿದ ತುಂಡು ನೆಲದಲ್ಲಿ ಮಂಟಪ ಕಟ್ಟಿಸಿದ. ಪಂಚಾಯ್ತಿ ಚೇರ್ಮನ್ ಆದ. ಒಂದು ಮಧ್ಯಾಹ್ನ ಮುದ್ದೆ ಉಂಡು ಮಲಗಿದವನು ಏಳಲಿಲ್ಲ. ಆಮೇಲೆ ಮಂಟಪದ ಮಾಲೀಕ ಎಂದು ಹೇಳಿಕೊಂಡು ಓಡಾಡಿದವನು ಮಗ ಕೆಂಪರಾಜು. ನಡೆಸಿದವಳು ಪಿಳ್ಳಪ್ಪನ ಹೆಂಡತಿ ಮುನಿವೆಂಕಟಮ್ಮ, ನನಗೆ ಅತ್ತಿಗೆ. ಅತ್ತಿಗೆ ಹೂಂ ಎಂದರೆ ಮದುವೆ, ಉಹೂಂ ಎಂದರೆ ಹುಡುಗ ಹುಡುಗಿ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು.

ಅತ್ತಿಗೆ ಹುಟ್ಟಿದಾರಭ್ಯ ಗಂಡನ ಹೆಸರನ್ನು ಬಾಯಲ್ಲಿ ಆಡಿದವರಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗನ ಬೆನ್ನಿಗೆ ತಿವಿದು ಅವನಿಂದ ಹೇಳಿಸುತ್ತಿದ್ದರು. ಸೊಸೆ ಸೌಮ್ಯ ಪಿಯುಸಿ ಪಾಸಾದವಳು, ಅವಳಿಗೂ ಮಾವನ ಹೆಸರು ನಿಷಿದ್ಧ. ಫೋನ್ ಬಂದರೆ "ಹಲೋ, ಕಲ್ಯಾಣ ಮಂಟಪ" ಎನ್ನುವಳು. ಆ ಕಡೆಯವರು "ಯಾವ ಕಲ್ಯಾಣ ಮಂಟಪ?" ಎಂದರೆ "ನಮ್ಮ ಕಲ್ಯಾಣ ಮಂಟಪ" ಎನ್ನುವಳು. ಎಷ್ಟೋ ಜನ ಇದು ತಮ್ಮ ಹಣೆಬರಹ ಎಂದುಕೊಂಡು ಬೇರೆ ಮಂಟಪ ಹುಡುಕುತ್ತಿದ್ದರು.

ಜೆ.ಪಿ. ನಗರದ ಯಾವುದೋ ಮಂಟಪದಲ್ಲಿ ಕಂಪ್ಯೂಟರ್ ನೋಡಿ ಬಂದ ಕೆಂಪರಾಜು ತಾನೂ ಒಂದು ತಂದ. ತಂದ ಮೇಲೆ ಅದನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ನೆನಪಾದವನು ಮಹಡಿಯ ಕೋಣೆಯ ಬಾಡಿಗೆಯ ಹುಡುಗ, ಸಂಗಮೇಶ.

ಸಂಗಮೇಶ ಗದಗದ ಕಡೆಯವನು. ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಸಂಜೆ ಜಯನಗರದ ಕಡೆ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದ. ಜೇಬಿನಲ್ಲಿ ಎರಡು ಫ್ಲಾಪಿ ಎದ್ದು ಕಾಣುವ ಹಾಗೆ ಇಟ್ಟುಕೊಳ್ಳುತ್ತಿದ್ದನಾದ್ದರಿಂದ ಬೀದಿಯೆಲ್ಲ ಅವನನ್ನು ಕಂಪ್ಯೂಟರ್ ಇಂಜಿನಿಯರ್ ಎಂದಿತು. ಅವನು ಹೌದು ಎಂದು ಯಾವತ್ತೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಅವನ ಕಷ್ಟಕ್ಕೆಲ್ಲ ಬೇರು ಇಲ್ಲೇ ಇತ್ತು, ಅವನಿಗೆ 'ಅಲ್ಲ' ಎನ್ನಲು ಬಾಯಿ ಬರುತ್ತಿರಲಿಲ್ಲ.

ಈ ಬಿರುದು ರಾಣೆಬೆನ್ನೂರಿನವರೆಗೂ ಹೋಗಿ ಅಲ್ಲಿಯ ನೀಲಕಂಠಪ್ಪನವರು ತಮ್ಮ ಮಗಳು ಶ್ವೇತಾಳನ್ನು ಕೊಡುತ್ತೇವೆಂದರು. ಆದರೆ ಒಂದು ಶರತ್ತು. ಬಸವ ಜಯಂತಿಯ ಮುಂದಿನ ಭಾನುವಾರವೇ ಮುಹೂರ್ತ, ಮದುವೆ ಬೆಂಗಳೂರಿನಲ್ಲೇ, ನಾಲ್ಕು ಜನ ಮೆಚ್ಚುವ ಮಂಟಪದಲ್ಲೇ ಆಗಬೇಕು. ಇಂಜಿನಿಯರ್ ಅಳಿಯ ಅಷ್ಟು ಮಾಡಲಾರನೇ? ಆಗದಿದ್ದರೆ ದಾವಣಗೆರೆಯ ಬ್ಯಾಂಕಿನ ಹುಡುಗನೊಬ್ಬ ಕಾದು ಕುಳಿತಿದ್ದಾನೆ. ಆ ವೈಶಾಖದಲ್ಲಿ ಬನಶಂಕರಿಯಿಂದ ತಿಲಕ್ ನಗರದವರೆಗೆ ಒಂದು ಮಂಟಪವೂ ಖಾಲಿ ಇರಲಿಲ್ಲ. ಉಳಿದದ್ದು ನಮ್ಮದು ಒಂದೇ.

"ನೀನು ಕಂಪ್ಯೂಟ್ರು ಸರಿ ಮಾಡ್ಕೊಡು, ಆ ಭಾನ್ವಾರ ನಿಂದು" ಎಂದರು ಅತ್ತಿಗೆ.

"ಆಗ್ಲಿ ರೀ ಅವ್ವಾ" ಎಂದ ಸಂಗಮೇಶ. ಬೇರೆ ಮಾತು ಅವನಿಗೆ ಗೊತ್ತೇ ಇರಲಿಲ್ಲ.

ತಿಂಗಳುಗಟ್ಟಲೆ ಕುಟ್ಟಿ ಒಂದು ಪ್ರೋಗ್ರಾಮ್ ಮಾಡಿದ. ನನಗೂ ವಿವರಿಸಿದ. "ಕಾಕಾ, ಬುಕ್ಕಿಂಗ್ ಎಲ್ಲಾ ಒಂದ್ ಕಡೆ ಇರ್ತಾವ್ರೀ. ಆ ಜಾಗಕ್ಕ ಒಂದು ಹೆಸರು ಇಡಬೇಕು, ಡೇಟಾ ಸೋರ್ಸ್ ನೇಮ್ ಅಂತಾರ. ಹೆಸರು ಹಾಕಿದ್ರ ಮಷಿನ್ನು ಮೊದಲ ಹೆಸರು ಸರಿ ಐತಿಲ್ಲೋ ನೋಡ್ತದ. ಆಮ್ಯಾಲ ಹುಡುಕ್ತದ. ಸಿಕ್ಕರ ಬಾಗಿಲ ತಗೀತದ."

ಬಲ್ಲವರು ಈ ಹೆಸರನ್ನು ಪ್ರೋಗ್ರಾಮಿನ ಒಳಗೇ ಹಾಕಿ ಮುಚ್ಚಿಬಿಡುತ್ತಾರಂತೆ, ನೋಡುವವರಿಗೆ ಕಾಣುವುದಿಲ್ಲ. ಆದರೆ ಸಂಗಮೇಶನಿಗೆ, ಪರದೆಯ ಮೇಲೆ ದೊಡ್ಡ ಡಬ್ಬಿ ಬಂದು, ಅದರಲ್ಲಿ ಹೆಸರು ಬರೆದು, ಮಷಿನ್ನು ಅದನ್ನು ಪರೀಕ್ಷೆ ಮಾಡಿ, ಹಸಿರು ಅಕ್ಷರದಲ್ಲಿ ತೀರ್ಪು ಕೊಟ್ಟರೆ ಗತ್ತಾಗಿರುತ್ತದೆ ಎನ್ನಿಸಿತು. ಮನೆಯವರನ್ನು ಮೆಚ್ಚಿಸಲೆಂದು ಪಿಳ್ಳಪ್ಪನ ಹೆಸರನ್ನೇ ಇಟ್ಟ.

ಉದ್ಘಾಟನೆಯ ದಿನ ಕಂಪ್ಯೂಟರಿಗೆ ಮಲ್ಲಿಗೆ ಹಾರ, ಮೌಸಿಗೆ ಅರಿಶಿನ ಕುಂಕುಮ. ಕೆಂಪರಾಜು ನಿಂಬೆಹಣ್ಣು ಕೊಯ್ದು ನಾಲ್ಕು ದಿಕ್ಕಿಗೂ ಇಟ್ಟ. ಸಂಗಮೇಶ ಕೈ ತೊಳೆದು ಬಂದು ಇಂಗ್ಲಿಷಿನಲ್ಲಿ ಪಿಳ್ಳಪ್ಪ ಎಂದು ಬರೆದು ಒತ್ತಿದ. ಪೆಟ್ಟಿಗೆ ಗುರ್ ಎಂದಿತು. ಮೊದಲ ಸಾಲು ಬಂತು, ಆಮೇಲೆ ಎರಡನೆಯದು. ಕೆಂಪರಾಜು ಗಂಟಲು ಸರಿಮಾಡಿಕೊಂಡು ಕನ್ನಡ ಮಾಡಿ ಹೇಳಿದ: "ಅಪ್ಪನ ಹೆಸರು ಸರಿಯಾಗಿ ಅದೆ ಅಂತೆ. ಸಿಕ್ಕಿದ್ದಾರಂತೆ."

ನಾನು ಇಷ್ಟು ವರ್ಷ ಬದುಕಿದ್ದೇನೆ, ಎರಡು ಸೂರ್ಯಗ್ರಹಣ ನೋಡಿದ್ದೇನೆ, ಮೈ ಆ ಥರ ಜುಮ್ಮೆಂದದ್ದು ಅವತ್ತು ಮಾತ್ರ. ಅತ್ತಿಗೆ ಸೆರಗು ಹೊದ್ದು ಮೆಲ್ಲಗೆ ಕೇಳಿದರು. "ಎಲ್ಲಿ ಅವ್ರಂತೆ?"

"ಒಳಗ ಅದಾವ್ರೀ ಅವ್ವಾ, ಎಲ್ಲಾ" ಎಂದ ಸಂಗಮೇಶ. ಅವನು ಹೇಳಿದ್ದು ಬುಕ್ಕಿಂಗುಗಳ ವಿಷಯ. ಅತ್ತಿಗೆ ಪೆಟ್ಟಿಗೆಗೆ ಕೈ ಮುಗಿದರು.

ಆಮೇಲೆ ಅವರಿಗೆ ಸಿಟ್ಟು ಬಂತು. "ಊರಿಗೆ ಯಜಮಾನ್ರಾಗಿದ್ದೋರು. ಮುಂದೆ ಶ್ರೀ ಇಲ್ಲ, ಹಿಂದೆ ನವರು ಇಲ್ಲ, ದನ ಕಾಯೋನ್ನ ಕರದಂಗೆ ಕರೀತೀರಲ್ಲ, ನಾಚ್ಕೆ ಆಗಲ್ವಾ?"

ಕೆಂಪರಾಜು ತಕ್ಷಣ ಕುಳಿತು ತಿದ್ದಿದ. ನಮ್ಮಲ್ಲಿ ಮದುವೆ ಪತ್ರಿಕೆಯಲ್ಲಿ ತೀರಿಹೋದ ಹಿರಿಯರನ್ನು ಹಾಕುವುದಕ್ಕೆ ಒಂದು ಕ್ರಮ ಇದೆ, ಹೆಸರಿಗೆ ಮೊದಲು ಕಂಸದೊಳಗೆ 'ಲೇಟ್' ಎಂದು ಹಾಕಿಯೇ ತೀರಬೇಕು. ಬದುಕಿದ್ದಾಗ ಹೆಸರು ತಪ್ಪು ಅಚ್ಚಾದರೂ ಸಹಿಸಿಕೊಳ್ಳುತ್ತೇವೆ, ಸತ್ತ ಮೇಲೆ ಕಂಸ ತಪ್ಪಬಾರದು. ಕೆಂಪರಾಜು ಕ್ರಮ ಬಿಡದೆ ಬರೆದ: (ಲೇಟ್) ಶ್ರೀ ಪಿಳ್ಳಪ್ಪನವರು, ಮಾಜಿ ಚೇರ್ಮನ್.

ಪೆಟ್ಟಿಗೆ ಟಣ್ ಎಂದಿತು. ಕೆಂಪು ಅಕ್ಷರ ಬಂತು.

"ಏನಂತದೆ?" ಎಂದರು ಅತ್ತಿಗೆ.

"ಹೆಸರು ಸರಿ ಇಲ್ಲ ಅಂತದೆ."

ಸಂಗಮೇಶ ಬೆವರುತ್ತ ಮುಂದೆ ಬಂದ. "ಹಂಗಲ್ರೀ. ಹೆಸರು ಭಾಳ ಉದ್ದ ಆಗಬಾರದು. ಕಾಮಾ ಹಾಕಬಾರದು. ಮತ್ತ ಕಂಸದಾಗಿಂದು ಇದು ಒಪ್ಪಂಗಿಲ್ರೀ."

"ಕಂಸದಲ್ಲಿ ಏನದೆ?"

"ಲೇಟ್ ಅಂತ ಅದೆ ಅವ್ವಾ" ಎಂದ ಕೆಂಪರಾಜು.

ಅತ್ತಿಗೆಯ ಮುಖ ನೋಡಬೇಕಿತ್ತು. "ಅಂದ್ರೆ ಅವ್ರು ಲೇಟ್ ಅಂದ್ರೆ ಇದು ಒಪ್ಪಲ್ವಾ?"

ಇಲ್ಲಿ ಸಂಗಮೇಶ ಒಂದು 'ಹಂಗಲ್ರೀ' ಎಂದಿದ್ದರೆ ಈ ಕಥೆ ಇಲ್ಲಿಗೆ ಮುಗಿದು ನಾನು ಅಂಗಡಿ ನೋಡಿಕೊಳ್ಳುತ್ತಿದ್ದೆ. ಅವನು ಅತ್ತಿಗೆಯ ಮುಖ ನೋಡಿದ, ಭಾನುವಾರವನ್ನು ನೆನೆದ. "ಹಂಗನೂ ಅನಬೋದ್ರೀ" ಎಂದ.

ಕೆಂಪರಾಜು ಲೇಟ್ ತೆಗೆದು, ಕಾಮಾ ತೆಗೆದು, ಚೇರ್ಮನ್ ಪದವಿಯನ್ನೂ ಬಿಡಿಸಿ, ಬರೀ 'ಶ್ರೀ ಪಿಳ್ಳಪ್ಪನವರು' ಎಂದು ನೋಡಿದ. ಹೆಸರೇನೋ ಸರಿ, ಆದರೆ ಅಂಥವರು ಸಿಗಲಿಲ್ಲ ಎಂದಿತು. ಬರೀ ಪಿಳ್ಳಪ್ಪ ಎಂದ ಕೂಡಲೇ ಸಿಕ್ಕರು. ಅತ್ತಿಗೆ ಬೆರಗಾಗಿ ಕೆನ್ನೆಗೆ ಕೈ ಕೊಟ್ಟು ನಿಂತರು. "ಅದೇ ಮನುಷ್ಯ ಕಣಪ್ಪ. ನವರು ಅಂತ ಕರೆದ್ರೆ ತಿರುಗ್ತಿರ್ನಿಲ್ಲ. ಇನ್ಯಾರನ್ನೋ ಕರೀತಾವ್ರೆ ಅನ್ಕೊಂಡು ನಡೆಯೋರು."

ಈಗ ದಿನಾ ಆ ಹೆಸರನ್ನು ಒತ್ತುವವರು ಯಾರು? ಸೌಮ್ಯ ಕೈ ಚಾಚಿದಳು, ಅತ್ತಿಗೆ ತಡೆದರು. "ಮಾವನ ಹೆಸರು ಬಾಯಲ್ಲಿ ಆಡಬಾರದು ಅಂದ್ರೆ ಬೆರಳಲ್ಲಿ ಒಂದೊಂದೇ ಅಕ್ಷರ ಕುಟ್ತೀಯಾ?" ಮಗ ಕರೆಯುವಂತಿಲ್ಲ, ಅಪ್ಪನನ್ನು ಬರೀ ಹೆಸರಿನಿಂದ ಕರೆಯುವ ಮಗ ಎಂಥವನು? ಸಂಗಮೇಶ ಹೊರಗಿನ ಹುಡುಗ, ವಯಸ್ಸಿನಲ್ಲಿ ಮೊಮ್ಮಗ. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಪಿಳ್ಳಪ್ಪನನ್ನು 'ಲೋ ಪಿಳ್ಳ' ಎಂದು ಕರೆದ ಬಾಯಿ ಭೂಮಿಯ ಮೇಲೆ ಇನ್ನು ನನ್ನದೊಂದೇ ಉಳಿದಿತ್ತು.

ಹಾಗೆ ನನಗೆ ಕಂಪ್ಯೂಟರ್ ಕೆಲಸ ಸಿಕ್ಕಿತು. ನನಗೆ ಇಂಗ್ಲಿಷ್ ಅಕ್ಷರ ಬಾರದು. ಸೌಮ್ಯ ಊದುಬತ್ತಿ ಹಿಡಿದು, ಕೀಲಿಗೆ ತಾಗಿಸದೆ ಮೇಲಿನಿಂದ ತೋರಿಸುವಳು, ನಾನು ಒತ್ತುವೆ. ಬೆಳಿಗ್ಗೆ ಸ್ನಾನ ಮಾಡಿ ಬಂದು, ಒತ್ತಿ, ಗೆಳೆಯ ಸಿಕ್ಕ ಮೇಲೆ ಅಂಗಡಿ ತೆರೆಯುವುದು. ಹೆಮ್ಮೆಯಿಂದ ಹೇಳುತ್ತೇನೆ, ಬದುಕಿದ್ದಾಗ ಅವನು ನನಗೆ ಇಷ್ಟು ಸಲೀಸಾಗಿ ಯಾವತ್ತೂ ಸಿಕ್ಕಿರಲಿಲ್ಲ.

ಸುದ್ದಿ ತಾವರೆಕೆರೆ ದಾಟಿ ಹುಳಿಮಾವಿನವರೆಗೆ ಹೋಯಿತು. ಅತ್ತಿಗೆ ಪ್ರತಿ ಬುಕ್ಕಿಂಗಿಗೂ "ಅವ್ರನ್ನ ಒಂದ್ ಮಾತು ಕೇಳ್ಬುಡಿ" ಎನ್ನತೊಡಗಿದರು. ದಿನ ಖಾಲಿ ಇದ್ದರೆ ಯಜಮಾನರ ಒಪ್ಪಿಗೆ, ಇಲ್ಲದಿದ್ದರೆ ಅವರಿಗೆ ಆ ಸಂಬಂಧ ಇಷ್ಟವಿಲ್ಲ. ಹಾಗೆ ಇಲ್ಲ ಎನ್ನಿಸಿಕೊಂಡ ಎರಡು ಮನೆಯವರು ಮುಖ ಸಣ್ಣ ಮಾಡಿಕೊಂಡು ಹುಡುಗನ ಜಾತಕವನ್ನು ಮತ್ತೆ ತೋರಿಸಲು ಹೋದರು.

ಮಂಟಪದ ಬಾಗಿಲಲ್ಲಿ ಹೂವು ಮಾರುವ ಕೆಂಪಕ್ಕ ಒಂದು ದಿನ ತಮ್ಮನನ್ನು ಕರೆದುಕೊಂಡು ಬಂದಳು. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹೆಸರನ್ನು ತಮ್ಮನ ಬಾಯಲ್ಲಿ ಹೇಳಿಸಿದಳು, ನಾನು ಒತ್ತಿದೆ. ಲೇಟ್ ಹಾಕಿದರೆ ಪೆಟ್ಟಿಗೆ ಒಪ್ಪಲಿಲ್ಲ. ತೆಗೆದರೆ, ಹೆಸರು ಸರಿ, ಆದರೆ ಸಿಗಲಿಲ್ಲ ಎಂದಿತು. ಕೆಂಪಕ್ಕ ತಲೆದೂಗಿದಳು. "ಸತ್ಯ ಹೇಳ್ತದೆ ಕಣಮ್ಮ ಈ ಪೆಟ್ಗೆ. ಬದುಕಿದ್ದಾಗ್ಲೂ ಹಿಂಗೇಯ. ಹೆಸ್ರಿಗೆ ಇದ್ದ, ಕೈಗೆ ಸಿಗ್ತಿರ್ನಿಲ್ಲ." ಪೆಟ್ಟಿಗೆಯ ಮೇಲೆ ಒಂದು ಮೊಳ ಕನಕಾಂಬರ ಇಟ್ಟು ಹೋದಳು.

ಕಂದಾಯದ ಸಾಹೇಬರೊಬ್ಬರು ಮಂಟಪದ ತೆರಿಗೆ ನೋಡಲು ಬಂದರು. ಚಪ್ಪಲಿ ಬಿಡಿಸಿ ಒಳಗೆ ಕರೆದುಕೊಂಡು ಹೋಗಿ ತೋರಿಸಿದೆವು. ಪೆಟ್ಟಿಗೆ ಲೇಟ್ ಒಪ್ಪದೆ ಇರುವುದನ್ನು ಅವರು ಕನ್ನಡಕ ಏರಿಸಿ ನೋಡಿದರು.

"ಅಮ್ಮಾ, ನಮ್ಮ ಆಫೀಸಲ್ಲೂ ಅವ್ರಿನ್ನೂ ಲೇಟ್ ಆಗಿಲ್ಲ" ಎಂದರು. "ಖಾತೆ ಅವರ ಹೆಸರಲ್ಲೇ ಇದೆ. ನೀವು ಅರ್ಜಿ ಕೊಟ್ಟೇ ಇಲ್ವಲ್ಲ."

"ನೋಡ್ದಾ" ಎಂದರು ಅತ್ತಿಗೆ ಮಗನಿಗೆ. "ಸರ್ಕಾರಕ್ಕೂ ಗೊತ್ತು."

ಸಾಹೇಬರು ಹೋಗುವಾಗ ಪೆಟ್ಟಿಗೆಗೆ ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೋದರು. ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಬೇಸಿಗೆ ಬಂತು. ಪೆಟ್ಟಿಗೆ ಬಿಸಿಯಾಗುತ್ತಿತ್ತು. ಅತ್ತಿಗೆ ಅಂಗೈ ಇಟ್ಟು ನೋಡಿ, "ಪಾಪ, ಇಷ್ಟು ಸಣ್ಣ ಜಾಗದಲ್ಲಿ ಹೆಂಗಿರ್ತಾರೋ" ಎಂದು ಕಣ್ಣೀರು ಹಾಕಿದರು. ಮಾತೃಭಕ್ತ ಕೆಂಪರಾಜು ಮಾರನೆಯ ದಿನವೇ ಹೋಗಿ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಎರಡು ಫ್ಯಾನು ಇರುವ ದೊಡ್ಡ ಪೆಟ್ಟಿಗೆ ತಂದ. ಕೊಡುವ ಮೊದಲು ಸಂಗಮೇಶ ಬುಕ್ಕಿಂಗನ್ನೆಲ್ಲ ಫ್ಲಾಪಿಗೆ ತುಂಬಿಕೊಂಡಿದ್ದ, ಪ್ರೋಗ್ರಾಮನ್ನೂ ತುಂಬಿಕೊಂಡಿದ್ದ. ಹೊಸದಕ್ಕೆ ಹಾಕಿದ. ತೆರೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ, ಏಕೆಂದರೆ ಗೃಹಪ್ರವೇಶಕ್ಕೆ ಒಳ್ಳೆಯ ದಿನ ಬೇಕಿತ್ತು.

ಒಳ್ಳೆಯ ದಿನವೆಂದು ಸಿಕ್ಕಿದ್ದು ನೀಲಕಂಠಪ್ಪನವರು ಬರುವ ದಿನ. ಅವರು ಬಿಳಿ ಟೋಪಿ, ವಿಭೂತಿ, ಕಂಕುಳಲ್ಲಿ ಕೊಡೆಯೊಂದಿಗೆ ರಾಣೆಬೆನ್ನೂರಿನಿಂದ ಬಂದಿಳಿದರು. ಮಗಳ ಮದುವೆಯ ದಿನ ಕಂಪ್ಯೂಟರಿನಲ್ಲಿ ಏರುವುದನ್ನು ಕಣ್ಣಿನಿಂದ ನೋಡಿಯೇ ತಾಂಬೂಲ ಎಂದು ಹೇಳಿ ಕಳಿಸಿದ್ದರು.

"ನಮ್ಮ ಅಳಿಯಂದಿರು ಕಟ್ಟಿದ್ದೇನ್ರೀ ಇದು?" ಎಂದು ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದರು. "ಹಿರೇರು ಒಳಗ ಅದಾರಂತ ಬಸ್ಸಿನ್ಯಾಗ ಮಂದಿ ಮಾತಾಡ್ಕೊಳಾಕ್ಹತ್ತಿತ್ತು."

ನಾನು ಕೈ ತೊಳೆದು ಕುಳಿತೆ. ಸೌಮ್ಯ ಊದುಬತ್ತಿ ತೋರಿಸಿದಳು. ಒತ್ತಿದೆ. ಹಸಿರು ಸಾಲು ಬಂತು, ಹೆಸರು ಸರಿಯಾಗಿದೆ. ಆಮೇಲೆ ಕೆಂಪು ಸಾಲು.

ಕೆಂಪರಾಜು ಅದನ್ನು ಎರಡು ಸಲ ಓದಿದ.

"ಏನ್ಲಾ?" ಎಂದರು ಅತ್ತಿಗೆ.

"ಸಿಗ್ನಿಲ್ಲ ಅಂತದೆ ಅವ್ವಾ."

ಮತ್ತೆ ಒತ್ತಿದೆ. ಸಿಗಲಿಲ್ಲ. ಕೈ ತೊಳೆದು ಬಂದು ಒತ್ತಿದೆ. ಸಿಗಲಿಲ್ಲ. ಅತ್ತಿಗೆ ನಿಂತಲ್ಲೇ ಕುಸಿದು ಕುಳಿತರು. ಸೌಮ್ಯ ನೀರು ತಂದಳು, ಅದನ್ನು ತಳ್ಳಿ ಮಗನನ್ನು ನೋಡಿದರು.

"ನಿಮ್ಮಪ್ಪನ್ನ ಎಕ್ಸ್‌ಚೇಂಜಿಗೆ ಕೊಟ್ ಬಂದ್ಯೇನ್ಲಾ?"

ಕೆಂಪರಾಜು ಸ್ಕೂಟರ್ ಹತ್ತಿ ಅಂಗಡಿಗೆ ಓಡಿದ. ಹಳೆಯ ಪೆಟ್ಟಿಗೆಯನ್ನು ಅಂಗಡಿಯವರು ಆಗಲೇ ಬಿಚ್ಚಿ, ಒಂದೊಂದು ಭಾಗ ಒಬ್ಬೊಬ್ಬರಿಗೆ ಮಾರಿಯಾಗಿತ್ತು. ಈ ಸುದ್ದಿಯನ್ನು ಅಮ್ಮನಿಗೆ ಹೇಳಲು ಧೈರ್ಯವಿಲ್ಲದೆ ಅವನು ನನ್ನ ಅಂಗಡಿಯಲ್ಲಿ ಪಾತ್ರೆಗಳ ಹಿಂದೆ ಅಡಗಿದ. ಒಳಗೆ ಅತ್ತಿಗೆ ಕಂಬಕ್ಕೆ ಒರಗಿ ಹೇಳಿದರು. "ಅವ್ರು ಸಿಗೋಗಂಟ ಈ ಮಂಟಪದಲ್ಲಿ ಯಾವ ಮದ್ವೆನೂ ಬರ್ಕೊಬೇಡಿ."

ನೀಲಕಂಠಪ್ಪನವರು ಕೊಡೆಯನ್ನು ಕೈಗೆ ತೆಗೆದುಕೊಂಡರು. "ಸಂಜಿ ಬಸ್ಸಿಗೆ ನಾ ಹೋಗಬೇಕ್ರಿ. ದಾವಣಗೇರ್ಯಾಗ ಇಳಿದು ಹೋಗತೀನಿ" ಎಂದರು. ದಾವಣಗೆರೆಯಲ್ಲಿ ಯಾಕೆ ಇಳಿಯುತ್ತಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಸಂಗಮೇಶ ಎಸ್‌ಟಿಡಿ ಬೂತಿಗೆ ಓಡಿದ, ಬೆನ್ನ ಹಿಂದೆ ನಾನು, ನನ್ನ ಹಿಂದೆ ಅರ್ಧ ಬೀದಿ. ಜಯನಗರದ ತನ್ನ ಮೇಷ್ಟರಿಗೆ ಫೋನ್ ಮಾಡಿದ. "ಸಾರ್, ಹೊಸಾ ಮಷಿನ್ನಿನ್ಯಾಗ ಪಿಳ್ಳಪ್ಪ ಅಂತ ಹಾಕಿದ್ರ ಹೆಸರು ಸರಿ ಐತಿ ಅಂತದ್ರೀ, ಆದ್ರ ಸಿಗವಲ್ದು."

ಮೇಷ್ಟರ ದನಿ ಬೂತಿನ ಗಾಜಿಗೆ ಕಿವಿ ಕೊಟ್ಟಿದ್ದ ನನಗೂ ಕೇಳುತ್ತಿತ್ತು. "ಹೆಸರು ಸರಿ ಇದ್ದುಬಿಟ್ರೆ ಸಾಕೇನಯ್ಯಾ? ಹೊಸ ಮಷಿನ್ನಲ್ಲಿ ಆ ಹೆಸರನ್ನ ಇಟ್ಯಾ? ಅದು ಫ್ಲಾಪೀಲಿ ಬರಲ್ಲ ಕಣೋ. ಒಂದೊಂದು ಮಷಿನ್ನಲ್ಲೂ ನಾವೇ ಇಡ್ಬೇಕು. ಕಂಟ್ರೋಲ್ ಪ್ಯಾನಲ್ಲಿಗೆ ಹೋಗಿ ಅದೇ 'ಪಿಳ್ಳಪ್ಪ' ಅಂತ ಸೇರಿಸು, ಬುಕ್ಕಿಂಗ್ ಇರೋ ಫೈಲ್ ತೋರ್ಸು, ಮುಗೀತು. ಕಾಫಿ ಆರೋದ್ರೊಳಗೆ ಆಗೋ ಕೆಲಸ."

ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ದಾರಿಯಲ್ಲಿ ಅವನ ಕಿವಿಯಲ್ಲಿ ಹೇಳಿದೆ. "ಯಾರಿಗೂ ಏನೂ ಹೇಳ್ಬೇಡ ಗುರು. ಸುಮ್ನೆ ಕೂತ್ಕೊ, ಹೆಸರು ಇಡು, ಬಂದ್ರು ಅನ್ನು. ಅತ್ತಿಗೆಗೂ ಸಮಾಧಾನ, ನಿಂಗೂ ಮದುವೆ."

"ಆಗ್ಲಿ ರೀ ಕಾಕಾ" ಎಂದ. ಅವನು ಆಗಲಿ ಎನ್ನದ ದಿನ ಯಾವುದು?

ಕುಳಿತ. ಎಲ್ಲೆಲ್ಲೋ ಒತ್ತಿದ. ಹೊಸ ಹೆಸರು ಸೇರಿಸುವ ಖಾಲಿ ಡಬ್ಬಿ ಬಂತು. ಅವನ ಬೆರಳು ಮೊದಲ ಅಕ್ಷರದ ಮೇಲಿತ್ತು. ಆಗ ಅತ್ತಿಗೆ ಎದ್ದು ಬಂದು ಅವನ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕುಳಿತರು.

"ಸಿಕ್ಕಿದ್ರಾ ಮಗಾ? ನೀನು ಹೇಳು. ನಿನ್ನ ಮಾತು ನಂಬ್ತೀನಿ."

ಸಂಗಮೇಶ ನನ್ನ ಕಡೆ ನೋಡಿದ. ನಾನು ಕಣ್ಣು ಮಿಟುಕಿಸಿ ತಲೆ ಆಡಿಸಿದೆ. ನೀಲಕಂಠಪ್ಪನವರ ಕಡೆ ನೋಡಿದ, ಅವರು ಬಾಗಿಲಲ್ಲಿ ಒಂದು ಚಪ್ಪಲಿ ಮೆಟ್ಟಿ ನಿಂತಿದ್ದರು. ಮತ್ತೆ ಅತ್ತಿಗೆಯನ್ನು ನೋಡಿದ. ನಮ್ಮ ಹುಡುಗನ ಬಾಯಿಂದ ಹುಟ್ಟಿದಾಗಿನಿಂದ ಬಾರದ ಮಾತು ಹೊರಬಂತು.

"ಇಲ್ರೀ ಅವ್ವಾ. ಅವರು ಇದರಾಗ ಇಲ್ಲ. ಅದರಾಗೂ ಇರಲಿಲ್ಲ. ಹೆಸರು ನಾನ ಇಟ್ಟಿದ್ದೆ. ಈಗೂ ನಾನ ಇಡಬೇಕು, ಇಟ್ಟರ ಸಿಗ್ತಾರ. ಕಂಸಾನೂ ಅಷ್ಟ ರೀ, ಯಾರ್ದಾದ್ರೂ ಕಂಸ ಹಾಕಿದ್ರ ಇದು ಒಪ್ಪಂಗಿಲ್ಲ. ನಾ ಇಂಜಿನಿಯರೂ ಅಲ್ರೀ. ಗಾರ್ಮೆಂಟ್ ಆಫೀಸಿನ್ಯಾಗ ಗುಂಡಿ ಲೆಕ್ಕ ಟೈಪ್ ಮಾಡ್ತೀನಿ." ಒಂದೇ ಉಸಿರಿನಲ್ಲಿ ಹೇಳಿ ಮುಖ ಮುಚ್ಚಿಕೊಂಡ.

ಇಷ್ಟು ವರ್ಷದ 'ಅಲ್ಲ'ಗಳನ್ನೆಲ್ಲ ಒಂದೇ ಸಲ ಬಿಚ್ಚಿಬಿಟ್ಟಿದ್ದ. ನನಗೆ ಅವನನ್ನು ಶಾಮಿಯಾನದ ಗಳದಿಂದ ಬಡಿಯಬೇಕೆನ್ನಿಸಿತು.

ಅತ್ತಿಗೆ ಅವನ ಕೈಗಳನ್ನು ಮುಖದಿಂದ ಬಿಡಿಸಿದರು. ಆಮೇಲೆ ಮೆತ್ತಗೆ ಹೇಳಿದರು. "ನಂಗೂ ಗೊತ್ತಿತ್ತು ಬಿಡಪ್ಪ. ಬಾಯಿಗೆ ಕೊನೇ ನೀರು ಬಿಟ್ಟೋಳು ನಾನು, ಗೊತ್ತಿಲ್ದೆ ಇರ್ತದಾ? ಮನೇಲಿ, ಬೀದೀಲಿ, ಪತ್ರಿಕೇಲಿ, ಎಲ್ಲಾರೂ ಲೇಟ್ ಲೇಟ್ ಅಂತಿದ್ರು. ಇದೊಂದು ಪೆಟ್ಗೆ ಅನ್ನಲ್ಲ ಅಂತು. ಇರ್ಲಿ, ಇದಾದ್ರೂ ಅನ್ನದೆ ಇರ್ಲಿ ಅಂತ ನಾನೂ ಸುಮ್ನಿದ್ದೆ."

ಸೌಮ್ಯ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ದಿನಾ ಬೆಳಿಗ್ಗೆ ಅವನು ಸಿಕ್ಕ ಎಂದುಕೊಂಡೇ ಅಂಗಡಿ ತೆರೆಯುತ್ತಿದ್ದೆ.

"ಹೆಸರು ನಾವೇ ಇಡೋದು ಅಂದ್ಯಲ್ಲ" ಎಂದರು ಅತ್ತಿಗೆ. "ಯಾರದಾದ್ರೂ ಇಡಬೋದಾ? ಬದುಕಿರೋರ್ದು?"

"ಇಡಬೋದ್ರೀ."

"ಹಂಗಾದ್ರೆ ನಂದಿಡು. ಮದ್ವೆ ಬರ್ಕೊಳೋಕೆ ಸತ್ತೋರ್ನ ಯಾಕೆ ಎಬ್ಬಿಸ್ತೀರಾ? ನಾನಿದ್ದೀನಲ್ಲ."

ಸಂಗಮೇಶ ಮುನಿವೆಂಕಟಮ್ಮ ಎಂದು ಇಟ್ಟ. ಬುಕ್ಕಿಂಗಿನ ಫೈಲು ತೋರಿಸಿದ. ಪ್ರೋಗ್ರಾಮ್ ತೆರೆದು, ಡಬ್ಬಿಯಲ್ಲಿ ಆ ಹೆಸರು ಬರೆದು ಒತ್ತಿದ. ಹಸಿರು ಸಾಲು. ಅದರ ಕೆಳಗೆ ಇನ್ನೊಂದು ಹಸಿರು ಸಾಲು. ವರ್ಷದ ಮದುವೆಗಳೆಲ್ಲ ಪರದೆಯ ಮೇಲೆ ಸಾಲಾಗಿ ನಿಂತವು. ಅತ್ತಿಗೆ ಪರದೆಗೆ ಮುಖ ಹತ್ತಿರ ತಂದು ತಮ್ಮ ಹೆಸರನ್ನು ನೋಡಿದರು. ಎಷ್ಟೋ ನೂರು ಮದುವೆ ಆ ಮಂಟಪದಲ್ಲಿ ಅವರ ಮಾತಿನ ಮೇಲೆ ನಡೆದಿತ್ತು, ಹೆಸರು ಎಲ್ಲೂ ಬಂದಿರಲಿಲ್ಲ. ಪೆಟ್ಟಿಗೆಯನ್ನು ನೋಡಿ ಎಷ್ಟೋ ಸಲ ಬೆರಗಾಗಿದ್ದ ನಾನು ಆಗ ಅವರನ್ನು ನೋಡಿ ಬೆರಗಾದೆ.

"ನಾಳೆಯಿಂದ ಯಾರು ಒತ್ತೋದು ಅತ್ತೆ?" ಎಂದಳು ಸೌಮ್ಯ ಹಿಂಜರಿಯುತ್ತ. "ನಿಮ್ಮ ಹೆಸರು, ನಾನು ಹೆಂಗೆ..."

"ನೀನೇ ಕುಟ್ಟು. ಮದ್ವೆ ಆಗಿ ಬಂದಾಗ್ನಿಂದ ಮನಸ್ಸಲ್ಲಿ ಕುಟ್ತಾನೇ ಇದೀಯ. ಇನ್ಮೇಲೆ ಎದುರಿಗೇ ಕುಟ್ಟು."

ಹಾಗೆ ನನ್ನ ಕಂಪ್ಯೂಟರ್ ಕೆಲಸ ಹೋಯಿತು. ಒಂದು ಮಾತು ನನ್ನನ್ನು ಯಾರೂ ಕೇಳಲಿಲ್ಲ.

ಬಾಗಿಲಲ್ಲಿದ್ದ ನೀಲಕಂಠಪ್ಪನವರು ಮೆಟ್ಟಿದ್ದ ಚಪ್ಪಲಿ ಬಿಟ್ಟು ಒಳಗೆ ಬಂದರು. ಸಂಗಮೇಶ ಎದ್ದು ನಿಂತ.

"ಇಂಜಿನಿಯರ್ ಅಲ್ಲಂದ್ರಿ?"

"ಅಲ್ರೀ ಮಾವಾರ."

"ಅದನ್ನ ರಾಣೆಬೆನ್ನೂರಿಗೆ ಬಂದಾಗ ಹೇಳೂದೇನಾಗಿತ್ತು?"

"ನೀವು ಕೇಳಲಿಲ್ರೀ."

"ಈ ಅಮ್ಮಾರು ಕೇಳಿದ್ರು, ಹೇಳಿದ್ರಿ. ಬಾಯಾಗ ಇನ್ನೊಂದು ಮಾತು ತಯಾರಿತ್ತು, ನಾ ನೋಡಿದೆ. ಈ ಶಾಮಿಯಾನದವರು ಕಣ್ಣು ಮಿಟುಕಿಸಿದ್ದೂ ನೋಡಿದೆ." ನನ್ನ ಕಡೆ ಒಂದು ನೋಟ ಬೀರಿ, ಕೊಡೆಯನ್ನು ಮೂಲೆಗೆ ಒರಗಿಸಿದರು. "ಬ್ಯಾಂಕಿನಾಂವ ಏನು ಅಂತ ನನಗ ಗೊತ್ತಿಲ್ಲ. ನೀವು ಏನು ಅಂತ ಈಗ ಗೊತ್ತಾತು. ಬರೀರಿ."

ಸೌಮ್ಯ ಕುಳಿತು ಬರೆದಳು. ಬಸವ ಜಯಂತಿಯ ಮುಂದಿನ ಭಾನುವಾರ, ಶ್ವೇತಾ ಮತ್ತು ಸಂಗಮೇಶ. ಒತ್ತಿದ ಕೂಡಲೇ ಏರಿತು. ಸಂಗಮೇಶ ಅತ್ತಿಗೆಯ ಕಾಲಿಗೆ ಬಿದ್ದ. ಏಳಿಸಿದರೂ ಏಳಲಿಲ್ಲ, ಅತ್ತುಬಿಟ್ಟ. ಪಾತ್ರೆಗಳ ಹಿಂದಿನಿಂದ ಕೆಂಪರಾಜು ಕೂಡ ಎದ್ದು ಬಂದ.

ಎಲ್ಲ ಮುಗಿದು ಕಾಫಿ ಬಂದಾಗ ಸಂಗಮೇಶನಿಗೆ ಮನಸ್ಸು ತಡೆಯಲಿಲ್ಲ. "ಅವ್ವಾ, ಯಜಮಾನರ ಹೆಸರೂ ಪಕ್ಕಕ್ಕ ಇಡತೀನ್ರೀ. ಎರಡೂ ಇರಬೋದು, ಎರಡೂ ಹೆಸರಿಗೆ ಬಾಗಿಲ ಒಂದ. ಯಾರೂ ಒತ್ತೂದು ಬ್ಯಾಡ, ಸುಮ್ನ ಇರಲಿ."

ಅತ್ತಿಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವನು ಇಟ್ಟ. ಪರದೆಯಲ್ಲಿ ಹೆಸರುಗಳ ಸಣ್ಣ ಪಟ್ಟಿ ಬಂತು. ಕೆಂಪರಾಜು ಬಗ್ಗಿ ನೋಡಿ ಮುಜುಗರಪಟ್ಟ.

"ಅವ್ವಾ, ನಿನ್ನ ಹೆಸ್ರು ಮೇಲೆ ಬಂದದೆ, ಅಪ್ಪಂದು ಕೆಳಗೆ. ಇಂಗ್ಲಿಷ್ ಅಕ್ಷರದ ವರಸೆ ಅಂತೆ. ಬದಲಾಯಿಸಕ್ಕೆ ಆಗಲ್ವಂತೆ."

ಅತ್ತಿಗೆ ಲೋಟ ಕೆಳಗಿಟ್ಟು ಆ ಎರಡು ಸಾಲನ್ನು ನೋಡಿದರು.

"ಇರ್ಲಿ ಬಿಡು" ಎಂದರು. "ಹೊಲಕ್ಕೆ ಹೋಗೋವಾಗ್ಲೂ ಅವ್ರು ಮುಂದೆ, ನಾನು ಹಿಂದೆ. ಸಂತೆಗೆ ಹೋಗೋವಾಗ್ಲೂ ಅವ್ರು ಮುಂದೆ, ನಾನು ಹಿಂದೆ. ಮುಂದೆ ಮುಂದೇನೇ ನಡ್ಕೊಂಡು ಹೊಂಟೋದ್ರು, ಒಂದ್ ಸಲಾನೂ ತಿರುಗಿ ನೋಡ್ನಿಲ್ಲ. ಈಗ ಒಸಿ ದಿನ ನನ್ನ ಹಿಂದೆ ಬರ್ಲಿ."